ಪತ್ರದ ದಾರಿ, ಪದದ ದಾರಿ: ಮಿಷನರಿ ಪಯಣದ ಒಂದು ಚಲನಚಿತ್ರ, ಅದರ ವಿಮರ್ಶೆ ಮತ್ತು ಚನ್ನಪಟ್ಟಣ–ಕನಕಪುರ ಸೀಮೆ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸಾಗುವ ಹಳೆಯ ರಾಜಮಾರ್ಗದ ಮೇಲೆ ಚನ್ನಪಟ್ಟಣವಿದೆ. ಅದರ ಆಗ್ನೇಯಕ್ಕೆ ಅರ್ಕಾವತಿಯ ದಡದಲ್ಲಿ, ಹಿಂದೆ ಕಾನಕಾನಹಳ್ಳಿಯೆಂದು ಕರೆಯಲಾಗುತ್ತಿದ್ದ ಕನಕಪುರ; ತೆಂಕಣಕ್ಕೆ ಹಲಗೂರು; ಮದ್ದೂರಿನ ದಾರಿಯಲ್ಲಿ ನಿಡಘಟ್ಟ. ಈ ಸೀಮೆಯಲ್ಲಿ ಧರ್ಮವನ್ನು ಹೇಳುತ್ತ ನಡೆದವರ ನೆನಪು ಎರಡು ಬಗೆಯಾಗಿ ಉಳಿದಿದೆ. ಮಂಟೇಸ್ವಾಮಿ ಮತ್ತು ಸಿದ್ದಪ್ಪಾಜಿ ನಡೆದ ದಾರಿಯನ್ನು ನೀಲಗಾರರು ತಂಬೂರಿ ಹಿಡಿದು ಹಾಡುತ್ತ ಬಂದಿದ್ದಾರೆ. ಹದಿನೇಳನೆಯ ಶತಮಾನದ ನಡುಭಾಗದಿಂದ ಮೈಸೂರು ಸೀಮೆಯಲ್ಲಿ ಓಡಾಡಿದ ಜೆಸುಯಿಟ್ ಪಾದ್ರಿಗಳ ದಾರಿಯಾದರೋ ಅವರೇ ರೋಮಿಗೆ ಬರೆದು ಕಳುಹಿಸಿದ ವಾರ್ಷಿಕ ಪತ್ರಗಳಲ್ಲಿ ಉಳಿದಿದೆ. ಮೊದಲನೆಯದರಲ್ಲಿ ಧರ್ಮವನ್ನು ಪಡೆದವರು ಮಾತನಾಡುತ್ತಾರೆ, ಎರಡನೆಯದರಲ್ಲಿ ಧರ್ಮವನ್ನು ತಂದವರು.

ಚರಿತ್ರೆಯನ್ನು ದೃಶ್ಯವಾಗಿಸುವಾಗ ಈ ಭೇದ ಎಂತಹ ತೊಡಕುಗಳನ್ನು ತರುತ್ತದೆ ಎಂಬುದನ್ನು ಅರಿಯಲು 1991ರಲ್ಲಿ ತೆರೆಕಂಡ 'ಬ್ಲ್ಯಾಕ್ ರೋಬ್' ಎಂಬ ಚಲನಚಿತ್ರ ಮತ್ತು ಅದಕ್ಕೆ ದೊರೆತ ವಿಮರ್ಶೆ ಒಳ್ಳೆಯ ನಿದರ್ಶನಗಳು. ಶೀರ್ಷಿಕೆಯ ಅರ್ಥ ಕಪ್ಪು ನಿಲುವಂಗಿ. ಉತ್ತರ ಅಮೆರಿಕದ ಮೂಲನಿವಾಸಿಗಳು ಜೆಸುಯಿಟ್ ಪಾದ್ರಿಗಳನ್ನು ಕರೆಯುತ್ತಿದ್ದ ಹೆಸರು ಅದು. ಕನ್ನಡದ ಓದುಗನಿಗೆ ಕೆನಡಾದ ಕಾಡಿನ ಕಥೆ ದೂರದ್ದೆನಿಸಬಹುದು. ಆದರೆ ಚಿತ್ರದ ಕಥೆ ನಡೆಯುವುದು 1634ರಲ್ಲಿ. ಅದು ಹೇಳುವ ಹ್ಯೂರಾನ್ ಮಿಷನ್ ನೆಲಕಚ್ಚಿದ್ದು 1649ರಲ್ಲಿ. ಸರಿಸುಮಾರು ಆ ಹೊತ್ತಿಗೇ, ಅದೇ ಸಭೆಗೆ ಸೇರಿದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಗಲ್ಲು ಹಾಕುತ್ತಿದ್ದನು. ಒಂದೇ ಸಭೆ, ಒಂದೇ ಬಗೆಯ ಪತ್ರಲೇಖನದ ಶಿಸ್ತು, ಒಂದೇ ತಲೆಮಾರು.

ಚಿತ್ರದ ನಿರ್ದೇಶಕ ಆಸ್ಟ್ರೇಲಿಯಾದ ಬ್ರೂಸ್ ಬೆರೆಸ್‌ಫರ್ಡ್. ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಹೋದ ಕಾದಂಬರಿಕಾರ ಬ್ರಯನ್ ಮೂರ್ 1985ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದರ ಮೂಲ, ಚಿತ್ರಕಥೆಯೂ ಮೂರನದೇ. ಕ್ವಿಬೆಕ್ ನೆಲೆಯಿಂದ ಫಾದರ್ ಲಾಫೋರ್ಗ್ ಎಂಬ ಯುವ ಪಾದ್ರಿ, ಡೇನಿಯಲ್ ಎಂಬ ತರುಣನೊಡನೆ, ನದಿಯ ಮೇಲ್ದಾರಿಯಲ್ಲಿ ದೂರದ ಹ್ಯೂರಾನ್ ಹಳ್ಳಿಗೆ ಹೊರಡುತ್ತಾನೆ. ಚೋಮಿನಾ ಎಂಬ ಮುಖ್ಯಸ್ಥನ ಆಲ್ಗಾಂಕಿನ್ ಗುಂಪು ಅವರನ್ನು ದೋಣಿಯಲ್ಲಿ ಕರೆದೊಯ್ಯುತ್ತದೆ. ಚಳಿಗಾಲ ಸಮೀಪಿಸುತ್ತದೆ. ಡೇನಿಯಲ್ ಮತ್ತು ಚೋಮಿನಾನ ಮಗಳ ನಡುವೆ ಪ್ರೇಮ ಹುಟ್ಟುತ್ತದೆ; ಗುಂಪು ಪಾದ್ರಿಯನ್ನು ತೊರೆದು ಹೋಗುತ್ತದೆ; ಕೊಟ್ಟ ಮಾತಿಗೆ ಕಟ್ಟುಬಿದ್ದು ಮರಳಿ ಬಂದ ಚೋಮಿನಾ ಇರೊಕ್ವಾ ಯೋಧರ ಸೆರೆಗೆ ಸಿಕ್ಕು ನೋಯುತ್ತಾನೆ. ಕನಸಿನಲ್ಲಿ ಮೊದಲೇ ಕಂಡಿದ್ದ ಜಾಗದಲ್ಲಿಯೇ ಸಾಯುತ್ತಾನೆ. ಲಾಫೋರ್ಗ್ ಹಳ್ಳಿಯನ್ನು ತಲುಪಿದಾಗ ಅಲ್ಲಿ ಜ್ವರ ಹಬ್ಬಿದೆ. ನೀನು ನಮ್ಮನ್ನು ಪ್ರೀತಿಸುತ್ತೀಯಾ ಎಂದು ಹ್ಯೂರಾನರು ಕೇಳುತ್ತಾರೆ. ಹೌದೆಂದ ಮೇಲೆ ದೀಕ್ಷಾಸ್ನಾನ ನಡೆಯುತ್ತದೆ. ಇಷ್ಟೇ ಕಥೆ. ಮಾತು ಕಡಿಮೆ, ಮೌನ ಹೆಚ್ಚು. ಬಿಳಿ ಆಕಾಶ, ಕಪ್ಪು ನೀರು, ಎಲೆಯುದುರಿದ ಮರಗಳು. ಪಾದ್ರಿಯ ಪಾತ್ರವನ್ನು ವಹಿಸಿದ ಲೊತೇರ್ ಬ್ಲುಟೋನ ಮುಖದಲ್ಲಿ ಭಕ್ತಿಗಿಂತ ದಣಿವೇ ಹೆಚ್ಚಾಗಿ ಕಾಣುತ್ತದೆ.

ಈ ನಿರಾಡಂಬರ ರೀತಿಯೇ ಚಿತ್ರದ ಮೊದಲ ಸ್ವಾಗತವನ್ನು ನಿರ್ಧರಿಸಿತು. ಅದಕ್ಕೆ ಹಿಂದಿನ ವರ್ಷ ಬಂದಿದ್ದ 'ಡಾನ್ಸಸ್ ವಿತ್ ವೂಲ್ವ್ಸ್' ಮೂಲನಿವಾಸಿಗಳನ್ನು ಆದರ್ಶೀಕರಿಸಿ, ವಿಶಾಲ ಬಯಲುಗಳನ್ನು ಹೊಂಬಣ್ಣದಲ್ಲಿ ತೋರಿಸಿ, 1991ರ ಮಾರ್ಚಿಯಲ್ಲಿ ಏಳು ಆಸ್ಕರ್ ಪ್ರಶಸ್ತಿಗಳನ್ನು ಪಡೆದಿತ್ತು. ಅದರ ಪಕ್ಕದಲ್ಲಿ ಬೆರೆಸ್‌ಫರ್ಡನ ಚಿತ್ರ ಒಣಗಿದ ಕಟ್ಟಿಗೆಯಂತೆ ಕಂಡಿತು. ಅನೇಕ ವಿಮರ್ಶಕರಿಗೆ ಆ ಒಣತನವೇ ಪ್ರಾಮಾಣಿಕತೆಯ ಗುರುತಾಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿನ್ಸೆಂಟ್ ಕ್ಯಾನ್ಬಿ ಚಿತ್ರವನ್ನು ಮೆಚ್ಚಿದನು. ಕೆನಡಾದ ಜೀನಿ ಪ್ರಶಸ್ತಿಗಳಲ್ಲಿ ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನಗಳಿಗೆ ಸಲ್ಲುವ ಮನ್ನಣೆ ಅದಕ್ಕೆ ದೊರೆಯಿತು. ಚೋಮಿನಾನ ಪಾತ್ರ ವಹಿಸಿದ ಆಗಸ್ಟ್ ಶೆಲೆನ್‌ಬರ್ಗ್ ಶ್ರೇಷ್ಠ ಪೋಷಕ ನಟನೆನಿಸಿದನು. ಎಲ್ಲರೂ ಹೀಗೆ ಒಪ್ಪಿದರೆಂದಲ್ಲ. ರೋಜರ್ ಎಬರ್ಟನಂತಹ ಜನಪ್ರಿಯ ವಿಮರ್ಶಕನಿಗೆ ಚಿತ್ರದ ಕಠೋರತೆ ಭಾರವೆನಿಸಿತು.

ತೀವ್ರವಾದ ಆಕ್ಷೇಪ ಬಂದದ್ದು ಬೇರೆ ದಿಕ್ಕಿನಿಂದ. ಮೂಲನಿವಾಸಿ ಹಕ್ಕುಗಳ ಪರ ಬರೆಯುತ್ತಿದ್ದ ವಾರ್ಡ್ ಚರ್ಚಿಲ್ 1992ರಲ್ಲಿ ಈ ಚಿತ್ರದ ಮೇಲೆ ಉಗ್ರವಾದ ಲೇಖನವೊಂದನ್ನು ಪ್ರಕಟಿಸಿದನು. ಇರೊಕ್ವಾ ಜನರನ್ನು ಚಿತ್ರಹಿಂಸೆಯ ಹೊರತು ಬೇರೇನನ್ನೂ ಅರಿಯದವರಂತೆ ತೋರಿಸಲಾಗಿದೆ; ಮೂಲನಿವಾಸಿಗಳ ದಾಂಪತ್ಯವನ್ನು ಪ್ರಾಣಿಸಹಜವೆಂಬಂತೆ ಚಿತ್ರಿಸಲಾಗಿದೆ; ಅವರ ಮಾಂತ್ರಿಕ ಅಸಹ್ಯ ಹುಟ್ಟಿಸುವ ಕುಬ್ಜನಾಗಿದ್ದಾನೆ; ಪಾದ್ರಿಗೆ ಮಾತ್ರ ಅಂತರಂಗವೊಂದನ್ನು ದಯಪಾಲಿಸಲಾಗಿದೆ ಎಂಬುದು ಅವನ ವಾದದ ತಿರುಳು. ಚಿತ್ರದ ಸಮತೋಲನದ ಸೋಗು ಹಳೆಯ ಕೌಬಾಯ್ ಚಿತ್ರಗಳ ಒರಟು ದ್ವೇಷಕ್ಕಿಂತ ಅಪಾಯಕಾರಿ ಎಂದೂ ಅವನು ಬಗೆದನು. ಚರ್ಚಿಲನ ಸ್ವಂತ ವಂಶಮೂಲದ ಬಗೆಗೆ ಮುಂದೆ ವಿವಾದವೆದ್ದಿತು. 2007ರಲ್ಲಿ ಸಂಶೋಧನಾ ಅಪ್ರಾಮಾಣಿಕತೆಯ ಕಾರಣ ನೀಡಿ ಕೊಲೊರಾಡೊ ವಿಶ್ವವಿದ್ಯಾಲಯ ಅವನನ್ನು ಕೆಲಸದಿಂದ ತೆಗೆಯಿತು. ಇದರಿಂದ ಅವನ ಈ ಲೇಖನವನ್ನೂ ಪಕ್ಕಕ್ಕೆ ಸರಿಸುವವರಿದ್ದಾರೆ. ಅದು ಸಲ್ಲದು. ಹೇಳಿದವನ ಯೋಗ್ಯತೆ ಏನೇ ಇರಲಿ, ಚಿತ್ರದ ಎದುರು ಇಟ್ಟು ನೋಡಿದರೆ ಅವನ ಆಕ್ಷೇಪಗಳಲ್ಲಿ ಕೆಲವು ನಿಲ್ಲುತ್ತವೆ. ಚಿತ್ರ ಬಂದ ಗಳಿಗೆಯನ್ನೂ ಮರೆಯಬಾರದು. 1990ರ ಬೇಸಗೆಯಲ್ಲಿ ಕ್ವಿಬೆಕ್‌ನ ಓಕಾ ಎಂಬಲ್ಲಿ, ತಮ್ಮ ಸ್ಮಶಾನಭೂಮಿಯ ಬಳಿ ಗಾಲ್ಫ್ ಮೈದಾನ ವಿಸ್ತರಿಸುವುದನ್ನು ತಡೆಯಲು ಮೊಹಾಕ್ ಜನ ದಾರಿಗೆ ಅಡ್ಡಕಟ್ಟಿ ನಿಂತಿದ್ದರು, ಸೈನ್ಯ ಬಂದಿತ್ತು, 78 ದಿನಗಳ ಕಾಲ ಘರ್ಷಣೆ ನಡೆದಿತ್ತು. ಮೊಹಾಕರು ಇರೊಕ್ವಾ ಒಕ್ಕೂಟಕ್ಕೆ ಸೇರಿದವರು. ಮಾರನೆಯ ವರ್ಷವೇ ಅವರ ಪೂರ್ವಜರು ಸೆರೆಯಾಳುಗಳ ಬೆರಳು ಕತ್ತರಿಸುವ ದೃಶ್ಯ ತೆರೆಯ ಮೇಲೆ ಬಂದಾಗ ಅದನ್ನು ಹದಿನೇಳನೆಯ ಶತಮಾನದ ಸಂಗತಿಯೆಂದಷ್ಟೇ ನೋಡಲು ಎಲ್ಲರಿಗೂ ಸಾಧ್ಯವಿರಲಿಲ್ಲ.

ಚರಿತ್ರಕಾರರ ನಿಲುವು ಇವೆರಡರಿಂದಲೂ ಭಿನ್ನವಾಗಿತ್ತು. ವಸಾಹತು ಅಮೆರಿಕದ ಸಂಸ್ಕೃತಿ ಸಂಘರ್ಷಗಳ ಅಧ್ಯಯನಕ್ಕೆ ಹೆಸರಾದ ಜೇಮ್ಸ್ ಆಕ್ಸ್‌ಟೆಲ್, ಚರಿತ್ರೆ ಮತ್ತು ಚಲನಚಿತ್ರಗಳನ್ನು ಕುರಿತು 1995ರಲ್ಲಿ ಬಂದ ಸಂಕಲನವೊಂದರಲ್ಲಿ ಈ ಚಿತ್ರವನ್ನು ಪರಿಶೀಲಿಸಿ, ವಸ್ತುವಿವರಗಳ ಮಟ್ಟಿಗೆ ಅದರ ನಿಷ್ಠೆಯನ್ನು ಮೆಚ್ಚಿದನು. ತೊಗಟೆಯ ದೋಣಿ, ಹೊಗೆ ತುಂಬಿದ ಗುಡಾರ, ಉದ್ದಮನೆಗಳು, ಉಡುಪು ಇವೆಲ್ಲ ಅಧ್ಯಯನದ ಬಲದಿಂದ ಬಂದವು. ಭಾಷೆಯ ವಿಷಯದಲ್ಲಿ ಮಾತ್ರ ರಾಜಿ ನಡೆದಿದೆ: ಆಲ್ಗಾಂಕಿನ್ ಪಾತ್ರಗಳು ಆಡುವುದು ಕ್ರೀ ಭಾಷೆಯನ್ನು, ಫ್ರೆಂಚರು ಆಡುವುದು ಇಂಗ್ಲಿಷನ್ನು. ಪರಸ್ಪರ ಅರ್ಥವಾಗದಿರುವುದನ್ನೇ ವಸ್ತುವಾಗಿ ಉಳ್ಳ ಕೃತಿಯೊಂದರಲ್ಲಿ ಇದು ಸಣ್ಣ ವಿಷಯವಲ್ಲ.

ಮೆಚ್ಚಿದವರೂ ಜರೆದವರೂ ಕೇಳಿದ ಪ್ರಶ್ನೆ ಒಂದೇ: ಚಿತ್ರ ಸತ್ಯವನ್ನು ಹೇಳುತ್ತದೆಯೇ? ಜಾನಪದ ಅಧ್ಯಯನದ ಶಿಸ್ತಿನಲ್ಲಿ ಅದಕ್ಕಿಂತ ಮೊದಲು ಬರುವ ಪ್ರಶ್ನೆ ಬೇರೊಂದಿದೆ: ಈ ಕಥೆಯನ್ನು ಮೊದಲು ಯಾರು ಯಾರಿಗೆ ಹೇಳಿದರು? ಮೂರನ ಕಾದಂಬರಿಗೆ ಆಧಾರವಾದದ್ದು 'ಜೆಸುಯಿಟ್ ರಿಲೇಷನ್ಸ್' ಎಂದು ಪ್ರಸಿದ್ಧವಾದ ವರದಿಗಳು. 1632ರಿಂದ 1673ರವರೆಗೆ ಇವು ಪ್ಯಾರಿಸಿನಲ್ಲಿ ವರ್ಷವರ್ಷವೂ ಅಚ್ಚಾದವು; 1896–1901ರ ನಡುವೆ ಇಂಗ್ಲಿಷ್ ಅನುವಾದದೊಡನೆ 73 ಸಂಪುಟಗಳಾಗಿ ಹೊರಬಂದವು. ಹಣ ಕೊಡುವ ಭಕ್ತರೂ ಮುಂದೆ ಕಾಡಿಗೆ ಹೊರಡಬೇಕಾದ ತರುಣ ಪಾದ್ರಿಗಳೂ ಇವುಗಳ ಓದುಗರು. ಆದ್ದರಿಂದ ಕಷ್ಟವನ್ನು ಹೇಳಬೇಕು, ಆದರೆ ಅಳಬಾರದು. ಪವಾಡವನ್ನು ಸೂಚಿಸಬೇಕು, ಆದರೆ ಉಬ್ಬಿಸಬಾರದು. ವಿಮರ್ಶಕರು ಬೆರೆಸ್‌ಫರ್ಡನ ಶೈಲಿಯಲ್ಲಿ ಕಂಡ ಸಂಯಮ ಬಹುಮಟ್ಟಿಗೆ ಈ ಪತ್ರಪ್ರಕಾರದ ಸಂಯಮವೇ. ಒಂಟಿ ಪಯಣಿಗನೆಂಬ ಕಲ್ಪನೆಯೂ ಅಲ್ಲಿಯದೇ. ದೋಣಿ ತುಂಬ ಜನರಿದ್ದರೂ ಪತ್ರ ಬರೆಯುವವನು ಒಂಟಿ, ಏಕೆಂದರೆ ಅವನ ಓದುಗನಿಗೆ ಅರ್ಥವಾಗುವ ಭಾಷೆಯನ್ನು ಆ ದೋಣಿಯಲ್ಲಿ ಬಲ್ಲವರು ಬೇರಾರೂ ಇಲ್ಲವೆಂಬಷ್ಟು ವಿರಳ.

ಒಂದು ಉದಾಹರಣೆ ಸಾಕು. ಚಿತ್ರದ ಕುಬ್ಜ ಮಾಂತ್ರಿಕನ ಹೆಸರು ಮೆಸ್ಟಿಗೊಯಿಟ್. ಪಾಲ್ ಲ ಜೂನ್ ಎಂಬ ಪಾದ್ರಿ 1633–34ರ ಚಳಿಗಾಲವನ್ನು ಮಾಂಟನ್ಯೆ ಬೇಡರ ಗುಂಪಿನೊಡನೆ ಕಳೆದು ಬರೆದ ವರದಿಯಲ್ಲಿ ಈ ಹೆಸರಿದೆ. ಆದರೆ ಅಲ್ಲಿ ಮೆಸ್ಟಿಗೊಯಿಟ್ ಪಾದ್ರಿಗೆ ಆಶ್ರಯವಿತ್ತ ಬೇಟೆಗಾರ. ಮಾಂತ್ರಿಕನಾದವನು ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಕ್ಯಾರಿಗೋನಾನ್. ಅನ್ನವಿಟ್ಟವನ ಹೆಸರು ತೆರೆಯ ಮೇಲೆ ವಿರೋಧಿಯ ಹೆಸರಾಯಿತು. ಕಾದಂಬರಿಕಾರನಿಗೆ ಹೆಸರುಗಳನ್ನು ಬದಲಿಸುವ ಸ್ವಾತಂತ್ರ್ಯವಿದೆ, ಸರಿ. ಆದರೂ ಮೆಸ್ಟಿಗೊಯಿಟ್‌ನ ಮೊಮ್ಮಕ್ಕಳು ಈ ಕಥೆಯನ್ನು ಹೇಳಿದ್ದರೆ ಈ ಬದಲಾವಣೆ ನಡೆಯುತ್ತಿರಲಿಲ್ಲವೆಂಬುದನ್ನು ಊಹಿಸುವುದು ಕಷ್ಟವಲ್ಲ.

ಚಿತ್ರದೊಳಗೇ ಈ ಸಮಸ್ಯೆಯನ್ನು ಬಯಲಿಗೆಳೆಯುವ ದೃಶ್ಯವೊಂದಿದೆ. ಲಾಫೋರ್ಗ್ ಬರೆಯುತ್ತಿರುವುದನ್ನು ಕಂಡು ಅದೇನೆಂದು ಚೋಮಿನಾ ವಿಚಾರಿಸುತ್ತಾನೆ. ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳು ಎನ್ನುತ್ತಾನೆ ಪಾದ್ರಿ. ಹಿಂದಿನ ಚಳಿಗಾಲದಲ್ಲಿ ತನ್ನ ಹೆಂಡತಿಯ ತಾಯಿ ಹಿಮದಲ್ಲಿ ಸತ್ತಳೆಂದು ಚೋಮಿನಾ ಹೇಳುತ್ತಾನೆ. ಪಾದ್ರಿ ಅದನ್ನು ಬರೆದು, ದೂರದಲ್ಲಿದ್ದ ಡೇನಿಯಲನಿಗೆ ಒಯ್ದು ಕೊಡುತ್ತಾನೆ. ಅವನು ಅದನ್ನು ಗಟ್ಟಿಯಾಗಿ ಓದಿದೊಡನೆ ಎಲ್ಲರೂ ಬೆಚ್ಚುತ್ತಾರೆ. ದೃಶ್ಯವನ್ನು ಬರೆವಣಿಗೆಯ ಬೆರಗೆಂದು ನೋಡುವುದು ವಾಡಿಕೆ. ಸಾವಿನ ಸುದ್ದಿ ಚೋಮಿನಾನದು, ದುಃಖ ಅವನ ಮನೆಯದು; ಹಾಳೆ ಮಾತ್ರ ಪಾದ್ರಿಯದು. ಇನ್ನು ಮುಂದೆ ಆ ಸಾವು ಲೋಕಕ್ಕೆ ತಿಳಿಯುವುದು ಹಾಳೆಯ ಮೂಲಕವೇ. ಇಡೀ ಚಿತ್ರ ಈ ದೃಶ್ಯದ ವಿಸ್ತರಣೆಯೆಂದರೂ ಸಲ್ಲುತ್ತದೆ.

ಕೊನೆಯಲ್ಲಿ ತೆರೆಯ ಮೇಲೆ ಬರುವ ಬರಹ ಇದನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಕ್ರೈಸ್ತರಾದ ಹ್ಯೂರಾನರು ಹದಿನೈದು ವರ್ಷಗಳಲ್ಲಿ ಶತ್ರುಗಳ ಕೈಯಲ್ಲಿ ನಾಶವಾದರು, ಪಾದ್ರಿಗಳು ಕ್ವಿಬೆಕ್‌ಗೆ ಮರಳಿದರು ಎಂಬುದು ಅದರ ತಾತ್ಪರ್ಯ. ಮಿಷನ್ನಿನ ದಫ್ತರದ ಮಟ್ಟಿಗೆ ಅದು ನಿಜ. ಅಲ್ಲಿಗೆ ಪತ್ರಗಳು ನಿಂತವು. ಜನ ನಿಲ್ಲಲಿಲ್ಲ. 1634ರಿಂದ ಆರು ವರ್ಷಗಳ ರೋಗರುಜಿನಗಳಲ್ಲಿ ಅರ್ಧಕ್ಕರ್ಧ ಜನರನ್ನು ಕಳೆದುಕೊಂಡು, 1649ರಲ್ಲಿ ಊರುಗಳನ್ನೂ ಕಳೆದುಕೊಂಡ ಆ ಸಮುದಾಯದ ವಂಶಜರು ಕ್ವಿಬೆಕ್ ನಗರದ ಬಳಿಯ ವೆಂಡೇಕ್‌ನಲ್ಲಿ ಇಂದಿಗೂ ಬಾಳುತ್ತಿದ್ದಾರೆ. ಬ್ರೂಸ್ ಟ್ರಿಗ್ಗರ್ 1976ರಲ್ಲಿಯೇ ಹ್ಯೂರಾನರ ಚರಿತ್ರೆಯನ್ನು ಅವರನ್ನೇ ಕೇಂದ್ರದಲ್ಲಿಟ್ಟು ಬರೆದಿದ್ದನು. ಹದಿನೈದು ವರ್ಷಗಳ ಬಳಿಕವೂ ಚಿತ್ರ ಪಾದ್ರಿಯ ಹೆಗಲ ಮೇಲಿಂದಲೇ ನೋಡಿತು.

ಕಾಡು ಖಾಲಿಯಾಗಿತ್ತೆಂಬಂತೆ ತೋರಿಸುವ ಈ ರೂಢಿ ರಾಮನಗರದ ಬಂಡೆಗಳಿಗೆ ಹೊಸದೇನಲ್ಲ. 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಡೇವಿಡ್ ಲೀನ್ ಮಾಗಡಿ ತಾಲೂಕಿನ ಸಾವನದುರ್ಗವನ್ನು ಉತ್ತರ ಭಾರತದ ಕಲ್ಪಿತ ಗುಹೆಗಳ ಬೆಟ್ಟವನ್ನಾಗಿಸಿದಾಗ, ಸಾವಂದಿ ವೀರಭದ್ರನೂ ನರಸಿಂಹಸ್ವಾಮಿಯೂ ಚಿತ್ರದ ಹೊರಗೇ ಉಳಿದರು.

ಹಾಗಾದರೆ ಇದೇ ಬಗೆಯ ಪತ್ರಗಳಿರುವ ಮೈಸೂರು ಮಿಷನ್ನಿನ ಕಥೆ ಹೇಗೆ? ಮೊದಲ ಭೇದ ಉಡುಪಿನಲ್ಲಿಯೇ ಇದೆ. ಕೆನಡಾದಲ್ಲಿ ಪಾದ್ರಿಗೆ ಹೆಸರು ತಂದ ಕಪ್ಪು ನಿಲುವಂಗಿಯನ್ನು ಇಲ್ಲಿ ಕಳಚಿಡಲಾಯಿತು. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ಪದ್ಧತಿಯಂತೆ ಚಿನ್ನಮಿ ಮತ್ತು ಅವನ ಜೊತೆಗಾರರು ಸಂನ್ಯಾಸಿಯ ವೇಷ ತೊಟ್ಟರು. ಚಿನ್ನಮಿ ಕನ್ನಡ ಕಲಿತು ಧರ್ಮೋಪದೇಶದ ಕೃತಿಗಳನ್ನೂ ವ್ಯಾಕರಣವನ್ನೂ ರಚಿಸಿದನು. ಉಡುಪಿನ ಈ ನೀತಿಗೆ 1623ರಲ್ಲಿ ರೋಮ್ ಸಮ್ಮತಿಸಿತು. ಆಚರಣೆಗಳ ಕುರಿತ ದೀರ್ಘ ಜಗಳದ ನಂತರ 1744ರಲ್ಲಿ ಆ ರಿಯಾಯಿತಿಗಳನ್ನು ಬಿಗಿಯಾಗಿ ಮೊಟಕುಗೊಳಿಸಿತು. ಅಂದರೆ ಇಲ್ಲಿನ ಪಯಣಿಗನು ಕಾಡಿನ ಎದುರು ನಿಂತವನಲ್ಲ. ಮಠ, ಜಾತಿ, ಅಗ್ರಹಾರ, ಅರಮನೆಗಳಿದ್ದ, ತನ್ನದೇ ಆದ ಗುರುಪರಂಪರೆಗಳು ತುಂಬಿದ್ದ ನಾಡಿನಲ್ಲಿ ಇನ್ನೊಬ್ಬ ಗುರುವಾಗಿ ಕಾಣಿಸಿಕೊಳ್ಳಬೇಕಾದವನು. ಫೆರೋಲಿ 1955ರಲ್ಲಿ ಪ್ರಕಟಿಸಿದ, ಮೈಸೂರಿನ ಜೆಸುಯಿಟರ ಚರಿತ್ರೆ ಬಹುಪಾಲು ಪತ್ರಗಳನ್ನೇ ನೆಚ್ಚಿದೆ. ಅದರಲ್ಲಿಯೂ ಊರುಗಳು ಪಾದ್ರಿ ಬಂದಾಗ ಬೆಳಗಿ, ಅವನು ಹೋದೊಡನೆ ಕತ್ತಲಿಗೆ ಸರಿಯುತ್ತವೆ.

ಲಾಫೋರ್ಗನ ಮುಖದಲ್ಲಿ ಕಾಣುವ ಸಂಶಯಕ್ಕೆ ಇಲ್ಲಿ ನಿಜವಾದ ಸಾಟಿಯೊಬ್ಬನಿದ್ದಾನೆ. ಅಬೆ ದುಬ್ವಾ, ಜೆಸುಯಿಟ್ ಸಭೆಗೆ ಸೇರಿದವನಲ್ಲದ ಫ್ರೆಂಚ್ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಕ್ರೈಸ್ತರ ನಡುವೆ ದುಡಿದನು. ದೇಶೀ ಉಡುಪಿನಲ್ಲಿಯೇ ಬಾಳಿದನು. 31 ವರ್ಷಗಳ ಭಾರತವಾಸದ ನಂತರ 1823ರಲ್ಲಿ ಹಿಂದಿರುಗಿದನು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂದು ಅವನು ತೀರ್ಮಾನಿಸಿದನು. ಪ್ರಾಟೆಸ್ಟೆಂಟ್ ಮಿಷನರಿಗಳು ಕೆರಳಿ ಉತ್ತರ ಬರೆದರು. ಜೇಮ್ಸ್ ಹೌನ ಪ್ರತ್ಯುತ್ತರ 1824ರಲ್ಲಿಯೇ ಬಂದಿತು. ಈ ವಾದವಿವಾದದಲ್ಲಿಯೂ ಮೈಸೂರಿನ ಕ್ರೈಸ್ತನೊಬ್ಬನ ಮಾತು ಸಿಕ್ಕುವುದಿಲ್ಲ. ಅವನು ನಿಜಕ್ಕೂ ನಂಬಿದ್ದನೇ ಇಲ್ಲವೇ ಎಂಬುದನ್ನು ಲಂಡನ್ನಿನಲ್ಲಿ ಇತರರು ಚರ್ಚಿಸಿದರು.

ಇದಕ್ಕೆ ಎದುರಾಗಿ ಇಡಬಹುದಾದದ್ದು ಹಲಗೂರಿನ ಕಥೆ. ಮಂಟೇಸ್ವಾಮಿ ಕಾವ್ಯವೂ ಪ್ರಚಾರಕನ ಪಯಣವೇ: ಕಲ್ಯಾಣದಿಂದ ತೆಂಕಣಕ್ಕೆ ಬಂದ ಗುರು ಒಕ್ಕಲು ಪಡೆಯುತ್ತ ಸಾಗುತ್ತಾನೆ. ನಿಡಘಟ್ಟದ ಆಚಾರಿಯ ಮನೆಯ ಮಗ ಕೆಂಪಾಚಾರಿಯನ್ನು ಶಿಶುಮಗನಾಗಿ ಬೇಡುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಮಗನನ್ನು ಕಳೆದುಕೊಳ್ಳುವ ತಾಯಿಯ ಸಂಕಟಕ್ಕೆ ಹಾಡುಗಾರ ಅವಸರಪಡದೆ ಎಡೆ ಕೊಡುತ್ತಾನೆ. ಗುರುವಿನ ಬೇಡಿಕೆ ಕ್ರೂರವೆಂಬುದನ್ನು ಮರೆಮಾಚುವುದಿಲ್ಲ. ಆ ಕೆಂಪಾಚಾರಿಯೇ ಸಿದ್ದಪ್ಪಾಜಿಯಾಗಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅವರು ಕಬ್ಬಿಣವಿಲ್ಲವೆನ್ನುತ್ತಾರೆ, ಹೀಯಾಳಿಸುತ್ತಾರೆ, ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಹುಟ್ಟಿನಿಂದ ತಮ್ಮವನೇ ಆದವನು ಜೋಳಿಗೆ ಹಿಡಿದು ಬಂದದ್ದು ಅವರಿಗೆ ಸಹಿಸದು. ನಿರಾಕರಿಸುವವರಿಗೆ ಇಲ್ಲಿ ಕಾರಣವಿದೆ, ಕುಲವಿದೆ, ಕಸುಬಿದೆ, ಮಾತಿದೆ. ಚೋಮಿನಾನ ಗುಂಪಿಗೆ ಪಾದ್ರಿಯನ್ನು ತೊರೆಯಲು ಒಂದು ಕನಸು ಮತ್ತು ಒಬ್ಬ ಕುಬ್ಜ ಸಾಕಾಗುತ್ತಾರೆ. ಹಲಗೂರಿನವರಿಗೆ ರಾತ್ರಿಯಿಡೀ ಹಾಡುವಷ್ಟು ವಾದ ದೊರೆಯುತ್ತದೆ. ಈ ಹಾಡಿಕೆಯಲ್ಲಿ ಸಂಯಮವೆಂಬುದಿಲ್ಲ. ಬೈಗುಳ, ನಗೆ, ಅಳು, ಪವಾಡ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ.

ಹಾಗೆಂದು ಮೌಖಿಕವಾದುದೆಲ್ಲ ನ್ಯಾಯವಾದುದೆಂದು ಬಗೆಯುವುದು, ಜಾನಪದ ವಿದ್ವಾಂಸರಲ್ಲಿ ಆಗಾಗ ಕಾಣುವ ಉತ್ಸಾಹ. ನೀಲಗಾರರು ಸಿದ್ದಪ್ಪಾಜಿಯ ಒಕ್ಕಲು; ಕಾವ್ಯದಲ್ಲಿ ಸೋಲುವವರು ಪಾಂಚಾಳರೇ. ಹಲಗೂರಿನ ಕುಲುಮೆಯ ಮುಂದೆ ಕುಳಿತವರು ಈ ಕಥೆಯನ್ನು ಹೇಗೆ ಹೇಳಿಕೊಂಡಾರೆಂಬುದು ಕಾವ್ಯದ ಹೊರಗಿನ ಪ್ರಶ್ನೆ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಪತ್ರ ಒಮ್ಮೆ ಬರೆದ ಮೇಲೆ ಮುಗಿಯಿತು. ಹಾಡಿಕೆಯ ಪಾಠ ಹಾಡುಗಾರನಿಂದ ಹಾಡುಗಾರನಿಗೆ ಬದಲಾಗುತ್ತದೆ, ಕೇಳುವವರ ಎದುರಿನಲ್ಲಿಯೇ ಬದಲಾಗುತ್ತದೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ತಪ್ಪಿ ಹಾಡಿದರೆ ತಿದ್ದುವವರಿದ್ದಾರೆ. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಬೃಹತ್ ಪಾಠವನ್ನು ಇತರ ಸಂಗ್ರಹಗಳೊಡನೆ ಹೋಲಿಸಿ ಓದಲು ಸಾಧ್ಯವಿರುವುದೂ ಈ ಕಾರಣದಿಂದಲೇ. ಎಚ್.ಎಸ್. ಶಿವಪ್ರಕಾಶರು ಇದೇ ಪರಂಪರೆಯಿಂದ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕವನ್ನು ಕಟ್ಟಿದಾಗ ಅವರ ಕೈಗೆ ಬಂದದ್ದು ಒಂಟಿ ಪಯಣಿಗನ ದಿನಚರಿಯಾಗಿರಲಿಲ್ಲ, ಹಲವು ಕೊರಳುಗಳ ಕಥನವಾಗಿತ್ತು.

ಕನಕಪುರ ತಾಲೂಕಿನ ಹಾರೋಬೆಲೆಗೆ ಬಂದರೆ ಪತ್ರ ಮತ್ತು ಪದಗಳ ಈ ಎರಡು ದಾರಿಗಳು ವಿಚಿತ್ರವಾಗಿ ಕೂಡುತ್ತವೆ. ಅರ್ಕಾವತಿಯ ಅಣೆಕಟ್ಟಿನಿಂದ ಹೊರಗಿನವರಿಗೆ ಪರಿಚಿತವಾದ ಈ ಊರಿನಲ್ಲಿ ಕಥೋಲಿಕ ಕ್ರೈಸ್ತರೇ ಹೆಚ್ಚು. ಊರಿನ ನಂಬಿಕೆ ತನ್ನ ಮೂಲವನ್ನು ಹಳೆಯ ಜೆಸುಯಿಟ್ ಮಿಷನ್ನಿನ ಕಾಲಕ್ಕೆ ಒಯ್ಯುತ್ತದೆ. ಬಳಿಯ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸುವಿನ ಪ್ರತಿಮೆ ನಿಲ್ಲಿಸಲು 2019ರ ಡಿಸೆಂಬರ್ 25ರಂದು ಅಡಿಗಲ್ಲು ಬಿದ್ದಿತು. 2020ರ ಜನವರಿಯಲ್ಲಿ ಅದನ್ನು ವಿರೋಧಿಸಿ ಕನಕಪುರದಲ್ಲಿ ಮೆರವಣಿಗೆ ನಡೆಯಿತು. ಬೆಟ್ಟ ಯಾರದು, ಇಲ್ಲಿ ಕ್ರೈಸ್ತರು ಎಂದಿನಿಂದ ಇದ್ದಾರೆ ಎಂಬ ಪ್ರಶ್ನೆಗಳು ನಾಡಿನ ಪತ್ರಿಕೆಗಳವರೆಗೂ ಬಂದವು. ಆ ಚರ್ಚೆಯಲ್ಲಿ ಮಿಷನರಿ ಎಂಬ ಪದ ಎರಡೂ ಕಡೆ ಮತ್ತೆ ಮತ್ತೆ ಕೇಳಿಸಿತು, ಒಂದು ಕಡೆ ಉಪಕಾರಿಯಾಗಿ, ಇನ್ನೊಂದು ಕಡೆ ಅಪರಾಧಿಯಾಗಿ. ಪತ್ರಗಳ ಪಯಣಿಗನೇ ಅಲ್ಲಿಯೂ ನಾಯಕ ಅಥವಾ ಖಳನಾಯಕ. ಆತನ ಎದುರು ನಿಂತು ಒಪ್ಪಿದ ಅಥವಾ ಒಪ್ಪದ ಒಕ್ಕಲಿಗನಿಗೆ ತನ್ನದೇ ಬುದ್ಧಿಯಿತ್ತೆಂದು ನೆನೆದವರು ಕಡಿಮೆ.

ಅದೇ ಊರಿನವರು ಶತಮಾನಕ್ಕೂ ಹೆಚ್ಚು ಕಾಲದಿಂದ, ತಪಸ್ಸುಕಾಲದ ಕೊನೆಯ ದಿನಗಳಲ್ಲಿ, ಯೇಸುವಿನ ಪಾಡುಗಳನ್ನು ತಾವೇ ವೇಷ ಕಟ್ಟಿ ಆಡುತ್ತ ಬಂದಿದ್ದಾರೆ. ಪಿಲಾತ, ಕಾಯಫ, ಯೂದ, ಪೇತ್ರ, ಮರಿಯ ಎಲ್ಲರೂ ಊರಿನವರೇ, ಮಾತು ಕನ್ನಡವೇ. ಸುತ್ತಲಿನ ಹಳ್ಳಿಗಳಿಂದ ಬಂದು ನೋಡುವವರಲ್ಲಿ ಇತರ ಧರ್ಮದವರೂ ಇದ್ದಾರೆ. ರೋಮಿನಿಂದ ಬಂದ ಕಥೆ ಇಲ್ಲಿ ಬಯಲಾಟದ ನಾಡಿನ ಕಥೆಯಾಗಿದೆ. ಆ ನಾಟಕದ ಪಾತ್ರವರ್ಗದಲ್ಲಿ ಮಿಷನರಿಗೆ ಸ್ಥಳವಿಲ್ಲ.